ಬೀಗ ಮತ್ತು ಒಡೆಯ

ಮನುಷ್ಯನು ತನ್ನದೆಂದು ಹೇಳಿಕೊಳ್ಳುವ ವಸ್ತುವೊಂದನ್ನು ಸಂಪಾದಿಸಿದ ದಿನವೇ ಅದನ್ನು ಕಾಪಾಡಿಕೊಳ್ಳಬೇಕೆಂಬ ಚಿಂತೆಯೂ ಅವನಿಗೆ ಅಂಟಿಕೊಂಡಿತು. ಬೇಲಿ, ಅಗುಳಿ, ಚಿಲಕ, ಬೀಗ ಇವೆಲ್ಲ ಆ ಚಿಂತೆಯಿಂದ ಹುಟ್ಟಿದವು. ಹಿಂದಿನ ಕಾಲದ ತುಂಬಿದ ಮನೆಗಳಲ್ಲಿ ಕಣಜಕ್ಕೊಂದು, ಉಗ್ರಾಣಕ್ಕೊಂದು, ಒಡವೆಯ ಪೆಟ್ಟಿಗೆಗೊಂದು ಬೀಗವಿರುತ್ತಿತ್ತು. ಅವುಗಳ ಕೀಲಿಕೈಗಳೆಲ್ಲ ಮನೆಯ ಹಿರಿಯ ಹೆಂಗಸಿನ ಸೊಂಟದ ಗೊಂಚಲಿನಲ್ಲಿ ಸದ್ದುಮಾಡುತ್ತಿದ್ದವು. ಆ ಮನೆಯ ಯಜಮಾನಿ ಯಾರೆಂದು ಹೊಸಬರಿಗೆ ಬೇರೆ ಹೇಳಬೇಕಾಗಿರಲಿಲ್ಲ. ಗೊಂಚಲಿನ ಸದ್ದೇ ಹೇಳುತ್ತಿತ್ತು.

ಆದರೆ ಬೀಗಕ್ಕೆ ಒಂದು ಕೊರತೆ ಉಂಟು. ಅದು ಕೀಲಿಕೈಯನ್ನು ಬಲ್ಲುದೇ ಹೊರತು ಯಜಮಾನಿಯನ್ನು ಬಲ್ಲದು. ಕೀಲಿಕೈಯನ್ನು ಬಾವಿಯಲ್ಲಿ ಬೀಳಿಸಿಕೊಂಡ ಯಜಮಾನಿ ಎಷ್ಟು ಗೋಗರೆದರೂ ಅದು ತೆರೆದುಕೊಳ್ಳದು. ಅದೇ ಕೀಲಿಕೈಯನ್ನು ಕದ್ದ ಕಳ್ಳನು ಬಂದರೆ ಒಂದು ಮಾತನ್ನೂ ಕೇಳದೆ ಬಾಯಿಬಿಡುತ್ತದೆ. ಈ ಕೊರತೆಯನ್ನು ಹಿರಿಯರು ಅರಿತಿದ್ದರು. ಆದುದರಿಂದಲೇ ಬೀಗವನ್ನು ಒಡೆಯಲೇಬೇಕಾದ ಪ್ರಸಂಗ ಬಂದಾಗ ನೆರೆಹೊರೆಯ ನಾಲ್ವರನ್ನು ಕರೆದು, ಅವರ ಕಣ್ಣೆದುರಿಗೇ ಒಡೆಯುತ್ತಿದ್ದರು. ಬೀಗಕ್ಕೆ ತಿಳಿಯದ ಸಂಗತಿಯನ್ನು ನೆರೆಯವರು ತಿಳಿದಿದ್ದರು: ಈ ಮನೆ ಇವರದೇ.

ಬೀಗ ಮಾಡುವವನಿಗೂ ಬೀಗ ಬಿಚ್ಚುವವನಿಗೂ ನಡೆಯುವ ಪೈಪೋಟಿ ಹಳೆಯದು. ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಎಂಬ ಕುಶಲಿ ೧೭೮೪ರಲ್ಲಿ ಒಂದು ಹೊಸ ಬಗೆಯ ಬೀಗಕ್ಕೆ ಪೇಟೆಂಟ್ ಪಡೆದನು. ಮುಂದೆ ಲಂಡನ್ನಿನ ಪಿಕಡಿಲಿ ಬೀದಿಯಲ್ಲಿದ್ದ ಅವನ ಅಂಗಡಿಯ ಕಿಟಕಿಯಲ್ಲಿ ಅಂಥದೊಂದು ಬೀಗವನ್ನು ತೂಗುಹಾಕಿ, ಇದನ್ನು ಉಪಕರಣದಿಂದ ತೆರೆಯಬಲ್ಲವನಿಗೆ ೨೦೦ ಗಿನಿಗಳ ಬಹುಮಾನವೆಂದು ಸಾರಲಾಯಿತು. ಅರ್ಧ ಶತಮಾನ ಕಳೆದರೂ ಆ ಬಹುಮಾನ ಯಾರ ಕೈಗೂ ಸಿಕ್ಕಲಿಲ್ಲ. ೧೮೫೧ರಲ್ಲಿ ಲಂಡನ್ನಿನಲ್ಲಿ ಮಹಾ ವಸ್ತುಪ್ರದರ್ಶನ ನಡೆದಾಗ ಅಮೆರಿಕದಿಂದ ಬಂದಿದ್ದ ಹಾಬ್ಸ್ ಎಂಬ ಬೀಗಗಾರನು ೧೬ ದಿನಗಳಲ್ಲಿ ಹಂಚಿಹೋದ ೫೧ ಗಂಟೆಗಳ ಶ್ರಮದಿಂದ ಅದನ್ನು ತೆರೆದುಬಿಟ್ಟನು. ಜನ ಬೆರಗಾದರು; ಕೆಲವರು ಕೋಪಿಸಿಕೊಂಡರು. ಬೀಗದ ದೌರ್ಬಲ್ಯವನ್ನು ಹೀಗೆ ಬಹಿರಂಗಪಡಿಸಿದರೆ ಕಳ್ಳರಿಗೆ ಪಾಠ ಹೇಳಿದಂತಾಗದೆ ಎಂದು ಕೇಳಿದರು. ಕಳ್ಳರಿಗೆ ಆ ಪಾಠ ಮೊದಲೇ ಬಂದಿರುತ್ತದೆ, ತಿಳಿಯದೆ ಕೆಡುವವರು ಸಜ್ಜನರು ಮಾತ್ರ ಎಂಬುದು ಹಾಬ್ಸನ ವಾದವಾಗಿತ್ತು. ಆ ವಾದವಿವಾದ ಇಂದಿಗೂ ಮುಗಿದಿಲ್ಲ. ಬೀಗದ ರೂಪ ಮಾತ್ರ ಬದಲಾಗಿದೆ.

ಇಂದಿನ ಮನೆಯ ಒಡವೆಯ ಪೆಟ್ಟಿಗೆ ಅಂಗೈಯಗಲದ ಮೊಬೈಲ್ ಫೋನು. ಅದರೊಳಗೆ ಬ್ಯಾಂಕಿನ ಲೆಕ್ಕವಿದೆ, ಬಂಧುಬಳಗದ ವಿಳಾಸವಿದೆ, ಮಗುವಿನ ಮೊದಲ ಹೆಜ್ಜೆಯ ಚಿತ್ರವಿದೆ, ತೀರಿಕೊಂಡವರ ಧ್ವನಿಯಿದೆ. ಇಷ್ಟೆಲ್ಲವನ್ನೂ ತುಂಬಿಕೊಂಡ ಪೆಟ್ಟಿಗೆ ಬಸ್ಸಿನ ನೂಕುನುಗ್ಗಲಿನಲ್ಲಿ ಜೇಬಿನಿಂದ ಜಾರಿಹೋಗುವಷ್ಟು ಚಿಕ್ಕದು. ಅಮೆರಿಕದಲ್ಲಿ ೨೦೧೩ರ ಒಂದೇ ವರ್ಷದಲ್ಲಿ ಸುಮಾರು ೩೧ ಲಕ್ಷ ಫೋನುಗಳು ಕಳವಾದುವೆಂದು ಅಲ್ಲಿನ ‘ಕನ್ಸ್ಯೂಮರ್ ರಿಪೋರ್ಟ್ಸ್’ ಎಂಬ ಗ್ರಾಹಕ ಪತ್ರಿಕೆ ಅಂದಾಜು ಮಾಡಿತ್ತು. ಆಗ ಫೋನನ್ನು ಕದ್ದವನಿಗೆ ಅಂಜಿಕೆಯಿರಲಿಲ್ಲ. ತೆರೆಯ ಮೇಲೆ ಗುಪ್ತಸಂಖ್ಯೆಯ ಬೀಗವಿದ್ದರೇನು? ಪಕ್ಕದ ಬಟನ್ನುಗಳೆರಡನ್ನು ಒತ್ತಿ ಹಿಡಿದು, ಒಳಗಿರುವುದನ್ನೆಲ್ಲ ಅಳಿಸಿ, ಕಾರ್ಖಾನೆಯಿಂದ ಬಂದ ದಿನದ ಸ್ಥಿತಿಗೆ ಅದನ್ನು ತರಬಹುದಾಗಿತ್ತು. ಇದಕ್ಕೆ ‘ಫ್ಯಾಕ್ಟರಿ ರಿಸೆಟ್’ ಎಂದು ಹೆಸರು. ರಿಸೆಟ್ ಆದ ಫೋನು ತನ್ನ ಹಳೆಯ ಒಡೆಯನನ್ನು ಸಂಪೂರ್ಣವಾಗಿ ಮರೆತು, ಹೊಸಬನ ಕೈಯಲ್ಲಿ ಹೊಸದಾಗಿ ಕಣ್ಣು ತೆರೆಯುತ್ತಿತ್ತು.

ಕದ್ದ ಫೋನು ನಿರುಪಯುಕ್ತವಾಗುವಂತೆ ಮಾಡಿದರೆ ಕದಿಯುವವರು ತಾವಾಗಿಯೇ ಕಡಿಮೆಯಾಗುತ್ತಾರೆ ಎಂಬ ವಿಚಾರ ಆಗ ಬಲವಾಯಿತು. ಆಪಲ್ ಸಂಸ್ಥೆ ೨೦೧೩ರಲ್ಲಿ ತನ್ನ ಐಫೋನುಗಳಿಗೆ ಅಂಥದೊಂದು ಬೀಗವನ್ನು ತಂದಿತು. ಅಮೆರಿಕದ ಮಿನಿಸೋಟ ಮತ್ತು ಕ್ಯಾಲಿಫೋರ್ನಿಯ ರಾಜ್ಯಗಳು ೨೦೧೪ರಲ್ಲಿ ಶಾಸನವನ್ನೇ ಮಾಡಿ, ೨೦೧೫ರ ಜುಲೈನಿಂದಾಚೆಗೆ ಅಲ್ಲಿ ಮಾರಾಟವಾಗುವ ಹೊಸ ಫೋನುಗಳಲ್ಲಿ ಇಂಥ ರಕ್ಷಣೆ ಇರಲೇಬೇಕೆಂದು ವಿಧಿಸಿದುವು. ಗೂಗಲ್ ಸಂಸ್ಥೆ ೨೦೧೫ರ ಮಾರ್ಚಿಯಲ್ಲಿ ಹೊರತಂದ ಆಂಡ್ರಾಯ್ಡ್ ೫.೧ ಆವೃತ್ತಿಯಲ್ಲಿ ಈ ರಕ್ಷಣೆ ಕಾಣಿಸಿಕೊಂಡಿತು. ಭಾರತದಲ್ಲಿ ಬಹುಪಾಲು ಜನರ ಕೈಯಲ್ಲಿರುವುದು ಆಂಡ್ರಾಯ್ಡ್ ಫೋನೇ ಆದುದರಿಂದ ಆ ಬೀಗ ಬೇಗನೆ ಈ ನಾಡಿನ ಹಳ್ಳಿಹಳ್ಳಿಗೂ ಬಂದು ಸೇರಿತು.

ಈ ಬೀಗದ ರಚನೆ ಸ್ವಾರಸ್ಯವಾದುದು. ಫೋನಿನ ಸ್ಮೃತಿಕೋಶವನ್ನು ಹಲವು ಕೋಣೆಗಳ ಮನೆಯೆಂದು ಭಾವಿಸಬಹುದು. ಚಿತ್ರ, ಸಂದೇಶ, ಹಾಡು ಮೊದಲಾದ ಬಳಕೆದಾರನ ಸರಕು ದೊಡ್ಡ ಕೋಣೆಯಲ್ಲಿರುತ್ತದೆ. ರಿಸೆಟ್ ಮಾಡಿದಾಗ ಬರಿದಾಗುವುದು ಈ ಕೋಣೆ. ಇದರಿಂದ ಬೇರೆಯಾಗಿ ಇನ್ನೊಂದು ಪುಟ್ಟ ಗೂಡು ಇದೆ. ಒಡೆಯನು ತನ್ನ ಗೂಗಲ್ ಖಾತೆಯನ್ನು ಫೋನಿಗೆ ಸೇರಿಸಿ, ತೆರೆಗೆ ಗುಪ್ತಸಂಖ್ಯೆಯನ್ನೋ ಗೆರೆಯ ವಿನ್ಯಾಸವನ್ನೋ ಇಟ್ಟಾಗ ಆ ಗೂಡಿನಲ್ಲಿ ಒಂದು ಗುರುತು ಉಳಿಯುತ್ತದೆ. ಬಟನ್ನು ಒತ್ತಿ ಎಷ್ಟು ಸಲ ಅಳಿಸಿದರೂ ಆ ಗುರುತು ಅಳಿಯದು. ಅಳಿಸಿದ ಮೇಲೆ ಫೋನು ಎಂದಿನಂತೆ ಸ್ವಾಗತವನ್ನು ಕೋರುತ್ತದೆ, ಭಾಷೆ ಯಾವುದೆಂದು ಕೇಳುತ್ತದೆ. ಆಮೇಲೆ ಗೂಡಿನ ಗುರುತನ್ನು ನೋಡಿಕೊಂಡು, ‘ಹಿಂದಿನ ಖಾತೆ ಯಾವುದು, ಹಿಂದಿನ ಗುಪ್ತಸಂಖ್ಯೆ ಏನು, ತೋರಿಸು’ ಎಂದು ತಡೆಯುತ್ತದೆ. ತೋರಿಸಲಾರದವನಿಗೆ ಅಲ್ಲಿಂದ ಮುಂದಕ್ಕೆ ದಾರಿಯಿಲ್ಲ.

ಒಡೆಯನೇ ಫೋನನ್ನು ಮಾರಬಯಸಿದರೆ? ಅದಕ್ಕೆ ನೇರವಾದ ಬಾಗಿಲು ಉಂಟು. ಫೋನಿನ ಸೆಟ್ಟಿಂಗ್ಸ್ ಭಾಗವನ್ನು ತೆರೆದು, ತನ್ನ ಖಾತೆಯನ್ನು ತೆಗೆದುಹಾಕಿ, ಅಲ್ಲಿಂದಲೇ ರಿಸೆಟ್ ಮಾಡಬೇಕು. ಆಗ ಫೋನು ಮೊದಲು ಗುಪ್ತಸಂಖ್ಯೆಯನ್ನು ಕೇಳುತ್ತದೆ. ಅದನ್ನು ಬಲ್ಲವನು ಒಡೆಯನೇ ಇರಬೇಕೆಂದು ನಂಬಿ ಗೂಡಿನ ಗುರುತನ್ನೂ ಬಿಟ್ಟುಕೊಡುತ್ತದೆ. ಮುಂಬಾಗಿಲಿನಿಂದ ಹೇಳಿ ಹೊರಟವನನ್ನು ಅದು ತಡೆಯುವುದಿಲ್ಲ. ಹಿತ್ತಿಲ ಗೋಡೆಯನ್ನು ಹಾರಿದವನನ್ನು ಮಾತ್ರ ತಡೆಯುತ್ತದೆ.

ಇಲ್ಲಿಯವರೆಗೆ ಎಲ್ಲವೂ ಚೆನ್ನಾಗಿಯೇ ಇದೆ. ಆದರೆ ಹಳೆಯ ಕೊರತೆ ಹೊಸ ಬೀಗದಲ್ಲಿಯೂ ಉಳಿದುಬಂದಿದೆ. ಇದೂ ಗುರುತನ್ನು ಬಲ್ಲುದೇ ಹೊರತು ಒಡೆಯನನ್ನು ಬಲ್ಲದು. ಅಂಗಡಿಯವನೇ ಖಾತೆಯನ್ನು ತೆರೆದುಕೊಟ್ಟುದರಿಂದ ಅದರ ಹೆಸರನ್ನೇ ಅರಿಯದ ರೈತ, ಹಳೆಯ ಫೋನನ್ನು ಅರ್ಧ ಬೆಲೆಗೆ ಕೊಂಡು ಹಿಂದಿನವನ ಖಾತೆಯ ಬೀಗದಲ್ಲಿ ಸಿಲುಕಿದ ವಿದ್ಯಾರ್ಥಿ, ಗಂಡನು ತೀರಿಕೊಂಡ ಮೇಲೆ ಅವನ ಫೋನನ್ನು ಹಿಡಿದು ಕುಳಿತ ಹೆಂಡತಿ, ಇವರೆಲ್ಲರೂ ಆ ಬೀಗದ ಕಣ್ಣಿಗೆ ಕಳ್ಳನ ಸಾಲಿನಲ್ಲಿಯೇ ನಿಂತವರು.

ಇವರಲ್ಲಿ ಕೊನೆಯವಳ ಪಾಡು ಹೇಗಿರುತ್ತದೆ ಎಂಬುದನ್ನು ಒಂದು ಕಲ್ಪಿತ ಪ್ರಸಂಗದಿಂದ ತಿಳಿಯಬಹುದು. ಮಲೆನಾಡಿನ ಒಂದು ತಾಲ್ಲೂಕು ಪಟ್ಟಣ. ಬಸ್ ನಿಲ್ದಾಣದ ಪಕ್ಕದಲ್ಲಿ ಒಂದು ಚಿಕ್ಕ ಮೊಬೈಲ್ ರಿಪೇರಿ ಅಂಗಡಿ. ಮಳೆಗಾಲದ ಒಂದು ಬೆಳಗ್ಗೆ ಎಪ್ಪತ್ತು ದಾಟಿದ ಮುದುಕಿಯೊಬ್ಬಳು ಕಾಲೇಜಿನಲ್ಲಿ ಓದುವ ಮೊಮ್ಮಗನೊಡನೆ ಅಲ್ಲಿಗೆ ಬಂದಳು. ಕರವಸ್ತ್ರದಲ್ಲಿ ಸುತ್ತಿದ್ದ ಫೋನನ್ನು ಬಿಚ್ಚಿ ಮೇಜಿನ ಮೇಲಿಟ್ಟಳು.

“ಯಾರದಜ್ಜಿ ಈ ಫೋನು?” ಎಂದು ಅಂಗಡಿಯ ಯುವಕನು ಕೇಳಿದನು.

“ನಮ್ಮ ಯಜಮಾನರದಪ್ಪ. ಅವರು ಹೋಗಿ ಎಂಟು ತಿಂಗಳಾಯಿತು. ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದರು. ಹೇಳಿದ್ದನ್ನೆಲ್ಲ ಇದರಲ್ಲಿ ತುಂಬಿಸಿಟ್ಟಿದ್ದರು. ಅವರ ಮಾತು ಒಂದು ಸಲ ಕೇಳಬೇಕು ಅಂತ ಆಸೆ.”

ಯುವಕನು ಫೋನನ್ನು ಹೊತ್ತಿಸಿ ನೋಡಿದನು. ಸ್ವಾಗತದ ತೆರೆ ಬಂದಿತು. ಹಿಂದಿನ ಖಾತೆಯನ್ನು ಕೇಳಿತು. ಅವನು ತಲೆಯೆತ್ತಿ ಮೊಮ್ಮಗನ ಮುಖವನ್ನು ನೋಡಿದನು. ಹುಡುಗನು ತಲೆ ತಗ್ಗಿಸಿದನು. ಅಜ್ಜನ ಗುಪ್ತಸಂಖ್ಯೆ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಹತ್ತಾರು ಸಲ ಊಹಿಸಿ ಸೋತ ಹುಡುಗನಿಗೆ ಗೆಳೆಯನೊಬ್ಬನು ಬಟನ್ನುಗಳನ್ನು ಒತ್ತಿ ಹಿಡಿಯುವ ಉಪಾಯವನ್ನು ಹೇಳಿದ್ದನು. ಹಾಗೆ ಮಾಡಿದ ಮೇಲೆ ಈ ಹೊಸ ಬೀಗ ಎದುರಾಯಿತು. ಅದನ್ನು ತೆಗೆಯುವುದಕ್ಕೂ ತಂತ್ರಾಂಶ ಉಂಟೆಂದು, ಎರಡು ಸಾವಿರ ರೂಪಾಯಿ ಕಟ್ಟಿದರೆ ಹತ್ತು ನಿಮಿಷದಲ್ಲಿ ಎಲ್ಲವೂ ಮರಳುವುದೆಂದು ಅವನು ಎಲ್ಲಿಯೋ ಓದಿದ್ದನು. ಹಣವನ್ನು ಕಟ್ಟುವುದಕ್ಕೆ ಮೊದಲು ಅಂಗಡಿಯಲ್ಲಿ ಒಮ್ಮೆ ವಿಚಾರಿಸಲೆಂದು ಅಜ್ಜಿಯೇ ಅವನನ್ನು ಹೊರಡಿಸಿಕೊಂಡು ಬಂದಿದ್ದಳು.

ಯುವಕನು ಸ್ವಲ್ಪ ಹೊತ್ತು ಸುಮ್ಮನಿದ್ದನು. ಸತ್ಯವನ್ನು ಹೇಳುವುದು ಅವನಿಗೆ ಸುಲಭವಾಗಿರಲಿಲ್ಲ.

“ಅಜ್ಜಿ, ಬೀಗ ತೆಗೆಯುವುದು ಬೇರೆ, ಒಳಗಿದ್ದದ್ದು ಸಿಕ್ಕುವುದು ಬೇರೆ. ಈ ಬೀಗ ಬಿದ್ದದ್ದು ಫೋನು ಖಾಲಿಯಾದ ಮೇಲೆ. ಈಗ ಇದನ್ನು ತೆಗೆದರೂ ಒಳಗೆ ಏನೂ ಉಳಿದಿಲ್ಲ” ಎಂದನು.

ಅವನು ಹೇಳಿದ ಮಾತು ನಿಜ. ಇಂಥ ತಂತ್ರಾಂಶಗಳ ಜಾಹೀರಾತಿನಲ್ಲಿ ಈ ಭೇದವನ್ನು ಹಲವರು ಸ್ಪಷ್ಟವಾಗಿ ಹೇಳುವುದಿಲ್ಲ. ಈಚಿನ ಆಂಡ್ರಾಯ್ಡ್ ಫೋನುಗಳು ಬಳಕೆದಾರನ ಸರಕನ್ನೆಲ್ಲ ಗೂಢಲಿಪಿಯಲ್ಲಿ ಬರೆದಿಡುತ್ತವೆ. ಆ ಲಿಪಿಯನ್ನು ಓದುವ ಕೀಲಿ ಫೋನಿನೊಳಗೇ ಇರುತ್ತದೆ. ರಿಸೆಟ್ ಮಾಡಿದಾಗ ಆ ಕೀಲಿಯೇ ನಾಶವಾಗುತ್ತದೆ. ಅಕ್ಷರಗಳ ಚೂರು ಎಲ್ಲಿಯಾದರೂ ಉಳಿದಿದ್ದರೂ ಅವುಗಳನ್ನು ಓದುವವರಿಲ್ಲ. ಹೀಗಿರುವಾಗ ರಿಸೆಟ್ ಆದ ಫೋನಿನ ಬೀಗವನ್ನು ತೆಗೆಯುವ ತಂತ್ರಾಂಶ ಹೆಚ್ಚೆಂದರೆ ಬರಿದಾದ ಮನೆಯ ಬಾಗಿಲನ್ನು ತೆರೆದುಕೊಟ್ಟೀತು. ಗೋಡೆ ಮತ್ತೆ ಬಳಕೆಗೆ ಬರುತ್ತದೆ, ಮನೆಯಲ್ಲಿದ್ದವರು ಬರುವುದಿಲ್ಲ.

ಮುದುಕಿ ಅಳಲಿಲ್ಲ. ಮೊಮ್ಮಗನ ಬೆನ್ನನ್ನು ಸವರಿ, “ಇರಲಿ ಬಿಡು ಮಗಾ, ನೀನು ನನಗೆ ಕೇಳಿಸಬೇಕು ಅಂತಲೇ ಮಾಡಿದ್ದು” ಎಂದಳು.

ಆಗ ಯುವಕನಿಗೆ ಏನೋ ಹೊಳೆಯಿತು. “ಅಜ್ಜಿ, ಅವರ ಸಿಮ್ಮು ಇದೆಯಾ?” ಎಂದು ಕೇಳಿದನು. ಮುದುಕಿ ಚೀಲದಿಂದ ಒಂದು ಚಿಕ್ಕ ಬಟನ್ ಫೋನನ್ನು ತೆಗೆದಳು. ಯಜಮಾನರ ಸುದ್ದಿಯನ್ನು ತಿಳಿಯದ ಯಾರಾದರೂ ದೂರದಿಂದ ಕರೆ ಮಾಡಿದರೆ ಉತ್ತರಿಸುವವರು ಇರಲಿ ಎಂದು ಆಕೆ ಆ ಸಿಮ್ಮನ್ನು ಇದರಲ್ಲಿ ಹಾಕಿಸಿ, ತಪ್ಪದೆ ರೀಚಾರ್ಜ್ ಮಾಡಿಸುತ್ತಿದ್ದಳು. ಅವಳ ಆ ಸಣ್ಣ ಸೌಜನ್ಯವೇ ಕೀಲಿಕೈಯಾಯಿತು. ಖಾತೆಯ ಗುಪ್ತಪದವನ್ನು ಮರೆತವರಿಗೆಂದು ಗೂಗಲ್ ಸಂಸ್ಥೆ ಇಟ್ಟಿರುವ ಕ್ರಮದಲ್ಲಿ, ಮೊದಲೇ ದಾಖಲಿಸಿದ ಫೋನ್ ಸಂಖ್ಯೆಗೆ ಒಂದು ಸಂಕೇತ ಬರುತ್ತದೆ. ಸಂಕೇತ ಆ ಚಿಕ್ಕ ಫೋನಿಗೆ ಬಂದಿತು. ಖಾತೆ ತೆರೆಯಿತು. ಅಜ್ಜನು ತೆಗೆದಿದ್ದ ಚಿತ್ರಗಳ ಪ್ರತಿಗಳು ಖಾತೆಯಲ್ಲಿ ಸೇರಿಕೊಂಡಿದ್ದವು. ಅಡಿಕೆ ತೋಟ, ಕಾಲುಸಂಕ, ಹುತ್ತರಿಯಂತೆ ಬೆಳೆದ ಹುರುಳಿಯ ಚಪ್ಪರ, ನಗುತ್ತಿರುವ ಮುದುಕಿ, ಎಲ್ಲವೂ ಬಂದುವು. ಧ್ವನಿಯ ಪ್ರತಿಗಳು ಮಾತ್ರ ಬರಲಿಲ್ಲ. ಅವು ಫೋನಿನಲ್ಲಿ ಮಾತ್ರ ಇದ್ದುವು, ಫೋನಿನೊಡನೆ ಹೋದುವು.

“ಅವರು ಯಾರಿಗಾದರೂ ವಾಟ್ಸಾಪಿನಲ್ಲಿ ಕಳಿಸಿದ್ದರೆ ಅವರ ಹತ್ತಿರ ಇದ್ದೀತು, ಕೇಳಿ ನೋಡಿ” ಎಂದು ಯುವಕನು ಹೇಳಿಕೊಟ್ಟನು. ಮೊಮ್ಮಗನು ಒಂದು ವಾರ ಊರೂರಿಗೆ ಕರೆ ಮಾಡಿದನು. ಅಜ್ಜನ ಜೊತೆಯಲ್ಲಿ ಅರ್ಥ ಹೇಳುತ್ತಿದ್ದ ಹಿರಿಯರೊಬ್ಬರಲ್ಲಿ ನಾಲ್ಕು ನಿಮಿಷಗಳ ಒಂದು ತುಣುಕು ಉಳಿದಿತ್ತು. ಬಹುಕಾಲದ ಮಾತುಗಳಲ್ಲಿ ನಾಲ್ಕು ನಿಮಿಷ. ಅಷ್ಟಾದರೂ ಉಳಿದದ್ದು ಬೀಗದ ಭದ್ರತೆಯಿಂದಲ್ಲ, ಹಂಚಿಕೊಂಡುದರಿಂದ.

ಇನ್ನು ಆ ತಂತ್ರಾಂಶಗಳ ಮಾತು. ‘ನೀನು ಚಾಪೆಯ ಕೆಳಗೆ ನುಸುಳಿದರೆ ನಾನು ರಂಗೋಲಿಯ ಕೆಳಗೆ ನುಸುಳುತ್ತೇನೆ’ ಎಂಬ ಗಾದೆ ಅವುಗಳ ಚರಿತ್ರೆಗೆ ಚೆನ್ನಾಗಿ ಒಪ್ಪುತ್ತದೆ. ಬೀಗ ಬಂದ ಮೊದಲ ವರ್ಷಗಳಲ್ಲಿ ಅದರ ಸುತ್ತಲೂ ಸಂದುಗಳಿದ್ದವು. ಕಣ್ಣು ಕಾಣದವರಿಗೆ ತೆರೆಯ ಮೇಲಿನ ಅಕ್ಷರಗಳನ್ನು ಓದಿಹೇಳುವ ‘ಟಾಕ್‌ಬ್ಯಾಕ್’ ಎಂಬ ಸೌಲಭ್ಯ ಫೋನಿನಲ್ಲಿದೆ. ಫೋನನ್ನು ಮೊದಲ ಬಾರಿಗೆ ಸಿದ್ಧಪಡಿಸುವಾಗಲೂ ಅದು ದೊರೆಯಬೇಕಾದುದು ನ್ಯಾಯವೇ. ಆ ಸೌಲಭ್ಯದ ಸಹಾಯಪುಟಗಳ ಮೂಲಕವೇ ಕೆಲವರು ಒಳಗೆ ನುಸುಳಿದರು. ಕರುಣೆಯಿಂದ ಇಟ್ಟ ಕಿಟಕಿ ಕಳ್ಳಗಂಡಿಯಾಯಿತು. ಆ ಕಿಟಕಿಗೆ ಸರಳು ಹಾಕಿದರೆ ಇನ್ನೊಂದು ಸಂದು ಸಿಕ್ಕಿತು. ಹೀಗೆ ಸಿಕ್ಕಿದ ಸಂದುಗಳನ್ನೆಲ್ಲ ಕೂಡಿಸಿ, ಫೋನನ್ನು ಕಂಪ್ಯೂಟರಿಗೆ ಜೋಡಿಸಿ ಒಂದೇ ಗುಂಡಿಯಿಂದ ಕೆಲಸ ಮುಗಿಸುತ್ತೇವೆನ್ನುವ ತಂತ್ರಾಂಶಗಳು ಮಾರಾಟಕ್ಕೆ ಬಂದುವು.

ಗೂಗಲ್ ಸಂಸ್ಥೆ ೨೦೧೫ರ ಆಗಸ್ಟಿನಿಂದ ನಿಯತವಾಗಿ ಭದ್ರತೆಯ ತೇಪೆಗಳನ್ನು ಹೊರಡಿಸುತ್ತ ಬಂದಿದೆ. ಆದುದರಿಂದ ನಿನ್ನೆ ಕೆಲಸ ಮಾಡಿದ ತಂತ್ರಾಂಶ ನಾಳೆ ಮಾಡೀತೆಂಬ ಭರವಸೆಯಿಲ್ಲ. ೨೦೨೪ರಲ್ಲಿ ಬಂದ ಆಂಡ್ರಾಯ್ಡ್ ೧೫ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಯಾರಾದರೂ ಸ್ವಾಗತದ ತೆರೆಯನ್ನು ಹೇಗೋ ದಾಟಿಹೋದರೂ, ಹಿಂದಿನ ಒಡೆಯನ ಗುರುತನ್ನು ತೋರಿಸುವವರೆಗೆ ಹೊಸ ಖಾತೆಯನ್ನು ಸೇರಿಸಲು, ಹೊಸ ಗುಪ್ತಸಂಖ್ಯೆಯನ್ನು ಇಡಲು, ಹೊಸ ಆ್ಯಪ್‌ಗಳನ್ನು ಹಾಕಿಕೊಳ್ಳಲು ಅದು ಬಿಡುವುದಿಲ್ಲ. ಅಂಗಳಕ್ಕೆ ನುಗ್ಗಿದವನಿಗೆ ಒಳಮನೆಯಲ್ಲಿ ನೀರೂ ಸಿಕ್ಕದಂತೆ ಮಾಡಿದ ಏರ್ಪಾಡು ಇದು.

ಇಂಥ ತಂತ್ರಾಂಶಗಳಿಂದ ಇನ್ನೊಂದು ಅಪಾಯವೂ ಉಂಟು. ಗುರುತುಪರಿಚಯವಿಲ್ಲದವರು ಕೊಟ್ಟ ತಂತ್ರಾಂಶವನ್ನು ಕಂಪ್ಯೂಟರಿಗೆ ಹಾಕಿಕೊಳ್ಳುವಾಗ, ಮೊದಲು ವೈರಸ್ ತಡೆಯುವ ಕಾವಲನ್ನು ನಿಲ್ಲಿಸು ಎಂದು ಅವುಗಳಲ್ಲಿ ಹಲವು ಹೇಳುತ್ತವೆ. ಒಂದು ಪೆಟ್ಟಿಗೆಯ ಬೀಗವನ್ನು ತೆಗೆಸಲು ಹೋಗಿ, ಇಡೀ ಮನೆಯ ಕಾವಲುಗಾರನನ್ನು ರಜೆಯ ಮೇಲೆ ಕಳುಹಿಸಿದಂತೆ ಇದು. ಬೀಗ ತೆಗೆಯುವ ಹೆಸರಿನಲ್ಲಿ ಬಂದ ತಂತ್ರಾಂಶ ಬ್ಯಾಂಕಿನ ಗುಪ್ತಪದವನ್ನು ಕದ್ದೊಯ್ದರೆ ಯಾರನ್ನು ದೂರುವುದು?

ಆದರೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ. ಮರೆತ ಒಡೆಯನಿಗೆ ನೆರವಾಗುವ ತಂತ್ರಾಂಶ ಕದ್ದವನಿಗೂ ಅಷ್ಟೇ ನಿಷ್ಠೆಯಿಂದ ನೆರವಾಗುತ್ತದೆ. ಬೀಗದಂತೆಯೇ ಅದಕ್ಕೂ ಒಡೆಯನು ಯಾರೆಂಬುದು ತಿಳಿಯದು. ಹಾಗಾದರೆ ಅದನ್ನು ತಿಳಿಯಬೇಕಾದವರು ಯಾರು?

ಉತ್ತರ ಆ ರಿಪೇರಿ ಅಂಗಡಿಯಲ್ಲಿಯೇ ಇದೆ. ಮುದುಕಿ ಬಂದುಹೋದ ದಿನದ ಸಂಜೆ ಅಲ್ಲಿಗೆ ಒಬ್ಬನು ಬಂದನೆಂದು ಇಟ್ಟುಕೊಳ್ಳಬಹುದು. ಹೊಸ ಫೋನು, ಬೆಲೆಬಾಳುವಂಥದು, ಅದೇ ಬೀಗ. ರಸೀದಿ ಇಲ್ಲ, ಪೆಟ್ಟಿಗೆ ಇಲ್ಲ, ಯಾರಿಂದ ಕೊಂಡದ್ದೆಂದರೆ ಸರಿಯಾದ ಉತ್ತರವಿಲ್ಲ. “ದುಡ್ಡು ಎಷ್ಟಾದರೂ ಕೊಡುತ್ತೇನೆ, ಇವತ್ತೇ ಆಗಬೇಕು” ಎಂಬ ಅವಸರ ಮಾತ್ರ ಇದೆ. ಯುವಕನಿಗೆ ಅಂಗಡಿಯ ಬಾಡಿಗೆಯನ್ನು ಕಟ್ಟಬೇಕಾಗಿದೆ. ತೆಗೆಯುವ ಕೈಚಳಕವೂ ಗೊತ್ತಿರಬಹುದು. ಆದರೂ ಅವನು ಫೋನನ್ನು ಹಿಂದಕ್ಕೆ ಸರಿಸಿ, “ಬಿಲ್ಲು ತನ್ನಿ ಸಾರ್, ಆಮೇಲೆ ನೋಡೋಣ” ಎನ್ನುತ್ತಾನೆ. ಬಂದವನು ಗೊಣಗುತ್ತ ಹೊರಟುಹೋಗುತ್ತಾನೆ. ಯಾವ ತೇಪೆಯೂ ಮುಚ್ಚಲಾರದ ಸಂದನ್ನು ಆ ಒಂದು ಮಾತು ಮುಚ್ಚಿತು.

ಅವನ ಮಾತಿಗೆ ಕಾನೂನಿನ ಬೆಂಬಲವೂ ಇದೆ. ಭಾರತದ ಮಾಹಿತಿ ತಂತ್ರಜ್ಞಾನ ಅಧಿನಿಯಮಕ್ಕೆ ೨೦೦೮ರ ತಿದ್ದುಪಡಿಯಿಂದ ಸೇರಿದ ೬೬ಬಿ ಪ್ರಕರಣದಂತೆ, ಕದ್ದ ಸಂಪರ್ಕಸಾಧನವೆಂದು ತಿಳಿದೂ ಅಪ್ರಾಮಾಣಿಕತೆಯಿಂದ ಅದನ್ನು ಪಡೆದುಕೊಂಡವನಿಗೆ ಮೂರು ವರ್ಷಗಳವರೆಗೆ ಸೆರೆವಾಸ, ಅಥವಾ ಒಂದು ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಪ್ರತಿಯೊಂದು ಫೋನಿಗೂ ಐಎಂಇಐ ಎಂಬ ೧೫ ಅಂಕಿಗಳ ಸಂಖ್ಯೆಯಿದೆ. ೨೦೨೩ರ ಮೇ ತಿಂಗಳಿನಲ್ಲಿ ಭಾರತ ಸರ್ಕಾರ ದೇಶಕ್ಕೆಲ್ಲ ತೆರೆದ ‘ಸಂಚಾರ ಸಾಥಿ’ ವ್ಯವಸ್ಥೆಯಲ್ಲಿ, ಪೊಲೀಸರಿಗೆ ದೂರು ಕೊಟ್ಟವನು ಆ ಸಂಖ್ಯೆಯನ್ನು ನಮೂದಿಸಿ, ಕಳೆದುಹೋದ ಫೋನು ದೇಶದ ಯಾವ ಜಾಲದಲ್ಲಿಯೂ ನಡೆಯದಂತೆ ತಡೆಸಬಹುದು. ಫೋನು ಮರಳಿ ಸಿಕ್ಕಿದರೆ ಆ ತಡೆಯನ್ನು ತೆಗೆಸಲೂಬಹುದು.

ಬೀಗದ ಸಂದನ್ನು ಕಂಡವನು ಹೇಗೆ ನಡೆದುಕೊಳ್ಳಬೇಕೆಂಬುದಕ್ಕೆ ಹಂಗೆರಿ ದೇಶದ ಡೇವಿಡ್ ಶ್ಯೂಟ್ಸ್ ಎಂಬ ತರುಣನ ನಡತೆ ಒಳ್ಳೆಯ ನಿದರ್ಶನ. ಅವನ ಗೂಗಲ್ ಪಿಕ್ಸೆಲ್ ಫೋನಿನ ಬ್ಯಾಟರಿ ಒಂದು ಪ್ರಯಾಣದ ಕೊನೆಯಲ್ಲಿ ಮುಗಿದುಹೋಯಿತು. ಮತ್ತೆ ಹೊತ್ತಿಸಿದಾಗ ಸಿಮ್ಮಿನ ಗುಪ್ತಸಂಖ್ಯೆ ನೆನಪಿಗೆ ಬರದೆ ಅವನು ಮೂರು ಸಲ ತಪ್ಪಿದನು. ಅದನ್ನು ಸರಿಪಡಿಸಿಕೊಳ್ಳುವಾಗ ಫೋನಿನ ನಡವಳಿಕೆ ಅವನಿಗೆ ವಿಚಿತ್ರವಾಗಿ ಕಂಡಿತು. ಮತ್ತೆ ಮತ್ತೆ ಪರೀಕ್ಷಿಸಿದಾಗ, ಆ ಫೋನಿನ ತೆರೆಯ ಬೀಗವನ್ನು ಗುಪ್ತಸಂಖ್ಯೆಯಿಲ್ಲದೆಯೇ ದಾಟಬಹುದೆಂದು ತಿಳಿಯಿತು. ಇದು ರಿಸೆಟ್ ಆದ ಮೇಲಿನ ಬೀಗವಲ್ಲ, ಒಳಗಿನ ಸರಕನ್ನೇ ಕಾಯುವ ಮುಖ್ಯ ಬೀಗ. ಆ ರಹಸ್ಯವನ್ನು ಮಾರಿಕೊಳ್ಳುವ ಸಂತೆಗಳು ಲೋಕದಲ್ಲಿ ಇಲ್ಲದಿಲ್ಲ. ಅವನು ಅದನ್ನು ೨೦೨೨ರಲ್ಲಿ ಗೂಗಲ್ ಸಂಸ್ಥೆಗೇ ತಿಳಿಸಿದನು. ಆ ವರ್ಷದ ನವೆಂಬರಿನಲ್ಲಿ ಸಂದು ಮುಚ್ಚಿತು. ಸಂಸ್ಥೆ ಅವನಿಗೆ ೭೦,೦೦೦ ಡಾಲರುಗಳ ಬಹುಮಾನ ಕೊಟ್ಟಿತು. ಬ್ರಾಮಾನ ಅಂಗಡಿಯ ಕಿಟಕಿಯಲ್ಲಿ ತೂಗಿದ ಬಹುಮಾನದ ಸಂಪ್ರದಾಯ ಹೀಗೆ ಮುಂದುವರಿದಿದೆ. ತೆರೆಯಬಲ್ಲ ಜಾಣ್ಮೆ ಎಲ್ಲರಲ್ಲಿಯೂ ಒಂದೇ. ಅದನ್ನು ಯಾರ ಎದುರಿಗೆ ತೋರಿಸುತ್ತಾರೆ ಎಂಬುದರಲ್ಲಿ ಕುಶಲಿಗೂ ಕಳ್ಳನಿಗೂ ಇರುವ ಅಂತರ ತಿಳಿಯುತ್ತದೆ.

‘ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರು’ ಎಂಬಂತಾಗದೆ ಇರಬೇಕಾದರೆ ಒಡೆಯನಾದವನು ಮೊದಲೇ ಮಾಡಬೇಕಾದ ಕೆಲಸಗಳು ಕೆಲವಿವೆ. ತನ್ನ ಖಾತೆಯ ಹೆಸರೇನೆಂಬುದನ್ನು ತಾನೇ ತಿಳಿದಿರಬೇಕು, ಅಂಗಡಿಯವನಿಗೆ ಬಿಡಬಾರದು. ಖಾತೆಯಲ್ಲಿ ದಾಖಲಾದ ಫೋನ್ ಸಂಖ್ಯೆ ಬಳಕೆಯಲ್ಲಿರುವುದೇ ಎಂದು ಆಗಾಗ ನೋಡಿಕೊಳ್ಳಬೇಕು. ಫೋನನ್ನು ಕೊಂಡ ರಸೀದಿಯನ್ನು ಜೋಪಾನವಾಗಿಡಬೇಕು. ಅದನ್ನೂ ಗುರುತಿನ ಚೀಟಿಯನ್ನೂ ತೋರಿಸಿದವರಿಗೆ ಕೆಲವು ತಯಾರಕರ ಅಧಿಕೃತ ಸೇವಾಕೇಂದ್ರಗಳು ಬೀಗ ತೆಗೆಯಲು ನೆರವಾಗುತ್ತವೆ. ಬಳಸಿದ ಫೋನನ್ನು ಕೊಳ್ಳುವವನು, ಮಾರುವವನು ತನ್ನ ಎದುರಿಗೇ ಖಾತೆಯನ್ನು ತೆಗೆದು ರಿಸೆಟ್ ಮಾಡಿಕೊಟ್ಟ ಮೇಲೆಯೇ ಹಣ ಕೊಡಬೇಕು. ಮುಖ್ಯವಾದ ಚಿತ್ರ, ಧ್ವನಿಗಳ ಪ್ರತಿಯನ್ನು ಇನ್ನೊಂದು ಕಡೆಯಲ್ಲಿಯೂ ಇಡಬೇಕು.

ತಾನಿಲ್ಲದ ಕಾಲವನ್ನೂ ನೆನೆಯುವುದು ಒಳಿತು. ಗೂಗಲ್ ಸಂಸ್ಥೆ ೨೦೧೩ರಲ್ಲಿ ‘ಇನ್ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್’ ಎಂಬ ಅನುಕೂಲವನ್ನು ಕಲ್ಪಿಸಿತು. ಖಾತೆಯನ್ನು ಇಷ್ಟು ತಿಂಗಳು ಮುಟ್ಟದೆ ಇದ್ದರೆ ಅದರಲ್ಲಿರುವುದನ್ನು ಇಂಥವರಿಗೆ ಕೊಡಬೇಕೆಂದು ಅಲ್ಲಿ ಮೊದಲೇ ಬರೆದಿಡಬಹುದು. ಹತ್ತು ಜನರವರೆಗೆ ಹೆಸರಿಸಬಹುದು. ಹೊಲಮನೆಗಳಿಗೆ ಉಯಿಲು ಬರೆಯುವಂತೆಯೇ ಇದು. ಎರಡು ವರ್ಷ ಬಳಕೆಯಿಲ್ಲದೆ ಉಳಿದ ಖಾತೆಗಳನ್ನು ಅಳಿಸಿಹಾಕುವ ನಿಯಮವನ್ನು ೨೦೨೩ರ ಡಿಸೆಂಬರಿನಿಂದ ಆ ಸಂಸ್ಥೆ ಜಾರಿಗೆ ತಂದಿರುವುದರಿಂದ ಈ ಎಚ್ಚರ ಇನ್ನೂ ಅಗತ್ಯವಾಗಿದೆ.

ಮುಂದೆ ಬರುವ ಬೀಗಗಳು ಇಂದಿನವಕ್ಕಿಂತ ಜಾಣವಾಗಿರುತ್ತವೆ. ಬೆರಳ ತುದಿಯನ್ನೂ ಮುಖದ ಚಹರೆಯನ್ನೂ ಅವು ಈಗಾಗಲೇ ಬಲ್ಲವು. ಆದರೆ ಬೆರಳೂ ಒಂದು ಗುರುತು, ಚಹರೆಯೂ ಒಂದು ಗುರುತು. ಈ ವಸ್ತು ಇವರದು, ಇದನ್ನು ಇವರು ಬೆವರು ಸುರಿಸಿ ಸಂಪಾದಿಸಿದರು, ಇದರಲ್ಲಿರುವ ಧ್ವನಿ ಇವರ ಮನೆಯವರದು ಎಂಬ ತಿಳಿವು ಯಂತ್ರದೊಳಗೆ ಇರುವುದಿಲ್ಲ. ಅದು ರಸೀದಿ ಬರೆದುಕೊಟ್ಟ ವರ್ತಕನಲ್ಲಿ, ಸಾಕ್ಷಿ ನುಡಿಯುವ ನೆರೆಯವರಲ್ಲಿ, ಗುಟ್ಟನ್ನು ಒಪ್ಪಿಸಬಹುದಾದ ಮನೆಯವರಲ್ಲಿ, ಬಿಲ್ಲು ಕೇಳಿದ ರಿಪೇರಿಯವನಲ್ಲಿ ಹಂಚಿಕೊಂಡಿದೆ. ಬೀಗವನ್ನು ಬಲಪಡಿಸುವ ಕೆಲಸ ತಂತ್ರಜ್ಞರದು. ಈ ತಿಳಿವನ್ನು ಉಳಿಸಿಕೊಳ್ಳುವ ಕೆಲಸ ಪ್ರತಿಯೊಬ್ಬನದು.